ಸರ್ಕಲ್‌ವರೆಗಿನ ಹೆಲ್ಮೆಟ್

(ತಿಪಟೂರಿನಲ್ಲಿ ಕುಟುಂಬಗಳ ಸಭೆಯೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಇಂದಿನ ವಿಷಯ ಹೆಲ್ಮೆಟ್ ಎಂದು ಘೋಷಿಸಿದಾಗ ಕೆಲವು ಯುವಕರ ಮುಖದಲ್ಲಿ ನಗು ಮೂಡಿದ್ದನ್ನು ನಾನು ಗಮನಿಸಿದೆ. ಶಿಕ್ಷಣ, ಉದ್ಯೋಗ, ರಾಜಕೀಯ ಪ್ರಾತಿನಿಧ್ಯದಂತಹ ಗಂಭೀರ ಸಮಸ್ಯೆಗಳು ನಮ್ಮ ಮುಂದಿರುವಾಗ, ತಲೆಗೆ ಹಾಕಿಕೊಳ್ಳುವ ಒಂದು ವಸ್ತುವಿನ ಬಗ್ಗೆ ಭಾಷಣವೇ ಎಂದು ನೀವು ಕೇಳಬಹುದು. ನಾನೂ ಒಂದು ಕಾಲದಲ್ಲಿ ಹಾಗೆಯೇ ಭಾವಿಸಿದ್ದವನು. ಆದ್ದರಿಂದ ಕಾನೂನಿನ ಮಾತಿಗೆ ಮೊದಲು ನನ್ನ ಮನೆಯ ಮಾತೊಂದನ್ನು ಹೇಳಲು ಅನುಮತಿ ಕೊಡಿ.

ನನ್ನ ಅಣ್ಣನ ಮಗ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಇಪ್ಪತ್ತೆರಡರ ಪ್ರಾಯ. ಹೊಸ ಬೈಕು ಮನೆಗೆ ಬಂದ ದಿನ ಹೆಲ್ಮೆಟನ್ನು ಕೈಯಲ್ಲಿ ಹಿಡಿದುಕೊಂಡು, “ಚಾಚಾ, ಇದನ್ನು ದಾರಿಯುದ್ದಕ್ಕೂ ಹಾಕಿಕೊಳ್ಳಬೇಕೇ?” ಎಂದು ಕೇಳಿದ. “ಪೊಲೀಸರು ನಿಲ್ಲುವುದು ಸರ್ಕಲ್‌ನಲ್ಲಿ. ಸರ್ಕಲ್ ದಾಟುವವರೆಗೆ ಹಾಕಿಕೋ. ಆಮೇಲೆ ಕನ್ನಡಿಗೆ ನೇತು ಹಾಕಿದರೂ ಯಾರೂ ಕೇಳುವುದಿಲ್ಲ” ಎಂದು ನಾನು ಉತ್ತರಿಸಿದೆ. ಹಿರಿಯರ ಮಾತನ್ನು ಅವನು ಅಕ್ಷರಶಃ ಪಾಲಿಸಿದ.

ಕೆಲವು ತಿಂಗಳ ನಂತರ ಒಂದು ರಾತ್ರಿ ಕೆ.ಬಿ. ಕ್ರಾಸ್ ಕಡೆಗೆ ಹೋಗುತ್ತಿದ್ದಾಗ, ಹಿಂಬದಿಯ ದೀಪವಿಲ್ಲದೆ ರಸ್ತೆಯಂಚಿನಲ್ಲಿ ನಿಲ್ಲಿಸಿದ್ದ, ಕಾಯಿ ತುಂಬಿದ್ದ ಟ್ರ್ಯಾಕ್ಟರಿಗೆ ಅವನ ಬೈಕು ಬಡಿಯಿತು. ಕೈ ಮುರಿಯಲಿಲ್ಲ, ಕಾಲು ಮುರಿಯಲಿಲ್ಲ. ಪೆಟ್ಟು ಬಿದ್ದುದು ತಲೆಗೆ ಮಾತ್ರ. ಕನ್ನಡಿಯಿಂದ ಕಳಚಿ ದೂರ ಉರುಳಿದ್ದ ಹೆಲ್ಮೆಟ್ ಇದ್ದ ಹಾಗೆಯೇ ಇತ್ತು. ಅವನು ಬದುಕಿದ್ದಾನೆ. ಆದರೆ ಲಕ್ಷಾಂತರ ರೂಪಾಯಿಯ ಲೆಕ್ಕ ಬರೆಯುತ್ತಿದ್ದವನು ಇಂದು ಹತ್ತು ರೂಪಾಯಿಯ ಚಿಲ್ಲರೆ ಎಣಿಸಲು ತಡವರಿಸುತ್ತಾನೆ. ಪ್ರತಿದಿನ ಬೆಳಿಗ್ಗೆ ಅವನ ಅಂಗಿಯ ಗುಂಡಿ ಹಾಕುವವರು ಅವನ ತಾಯಿ.

ನಾನು ಅವನಿಗೆ ಹೇಳಿದ್ದ ಮಾತನ್ನು ನನ್ನ ಅತ್ತಿಗೆಗೆ ತಿಳಿಸಲು ನನಗೆ ಒಂದು ವರ್ಷ ಬೇಕಾಯಿತು. ಅವರು ಜಗಳವಾಡಲಿಲ್ಲ. “ಇನ್ನು ಬೇರೆಯವರ ಮಕ್ಕಳಿಗೆ ಹಾಗೆ ಹೇಳಬೇಡಿ” ಎಂದಷ್ಟೇ ಹೇಳಿದರು. ಆ ಒಂದು ಮಾತು ನನ್ನನ್ನು ಈ ವೇದಿಕೆಗೆ ಕರೆತಂದಿದೆ.

ಸಹೋದರರೇ, ನನ್ನ ತಪ್ಪು ಎಲ್ಲಿತ್ತು? ಹೆಲ್ಮೆಟ್ ಎಂಬುದು ಪೊಲೀಸರಿಗೆ ಸಲ್ಲಿಸಬೇಕಾದ ಸುಂಕ ಎಂದು ನಾನು ತಿಳಿದಿದ್ದೆ. ಸುಂಕದ ಕಟ್ಟೆ ದಾಟಿದ ಮೇಲೆ ಸುಂಕವೇಕೆ ಎಂಬುದು ನನ್ನ ತರ್ಕವಾಗಿತ್ತು. ಇಂದು ಈ ಸಭೆಯಲ್ಲಿರುವ ಬಹುತೇಕ ಮನೆಗಳ ತರ್ಕವೂ ಇದೇ. ಕಾನೂನನ್ನು ನಾವು ಓದಿಲ್ಲ. ಆದ್ದರಿಂದ ಅದು ನಮ್ಮ ಮೇಲೆ ಹೊರಿಸುವ ಹೊಣೆಯೂ ನಮಗೆ ತಿಳಿದಿಲ್ಲ, ನಮಗೆ ಕೊಡುವ ಹಕ್ಕೂ ತಿಳಿದಿಲ್ಲ.

ಮೊದಲು ಹೊಣೆಯನ್ನು ನೋಡೋಣ. 1988ರ ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹೆಲ್ಮೆಟನ್ನು ಕಡ್ಡಾಯಗೊಳಿಸಿದೆ. ಈ ಕಲಂ ಹೆದ್ದಾರಿ ಎನ್ನುವುದಿಲ್ಲ, ನಗರ ಎನ್ನುವುದಿಲ್ಲ, ಸಾರ್ವಜನಿಕ ಸ್ಥಳ ಎನ್ನುತ್ತದೆ. ಅಂದರೆ ತೋಟದಿಂದ ಮಂಡಿಗೆ ಬರುವ ದಾರಿಯೂ ಅದರಲ್ಲಿ ಸೇರಿದೆ. 2006ರ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ಹೆಲ್ಮೆಟ್ ಕಡ್ಡಾಯವಾದಾಗ ಅದು ರಾಜಧಾನಿಯವರ ತಲೆನೋವು ಎಂದು ನಾವು ಸುಮ್ಮನಿದ್ದೆವು. 2016ರ ಜನವರಿಯಲ್ಲಿ ಕರ್ನಾಟಕ ಸರಕಾರ ಹಿಂಬದಿ ಸವಾರರಿಗೂ ಅದನ್ನು ಕಡ್ಡಾಯಗೊಳಿಸಿತು. 2019ರ ತಿದ್ದುಪಡಿಯ ನಂತರ ನಾಲ್ಕು ವರ್ಷ ದಾಟಿದ ಮಗುವಿಗೂ ಹೆಲ್ಮೆಟ್ ಬೇಕು. ಒಂಬತ್ತು ತಿಂಗಳಿನಿಂದ ನಾಲ್ಕು ವರ್ಷದೊಳಗಿನ ಮಗುವನ್ನು ಕೂರಿಸಿಕೊಂಡರೆ ಸುರಕ್ಷಾ ಪಟ್ಟಿ ಮತ್ತು ಮಗುವಿನ ಅಳತೆಯ ಹೆಲ್ಮೆಟ್ ಇರಬೇಕು, ವೇಗ ಗಂಟೆಗೆ 40 ಕಿಲೋಮೀಟರ್ ಮೀರಬಾರದು ಎಂದು 2022ರ ನಿಯಮ ಹೇಳುತ್ತದೆ. ಇನ್ನೊಂದು ಅಂಶವನ್ನು ಗಮನಿಸಿ. ಪಟ್ಟಿ ಬಿಗಿದು ತಲೆಗೆ ಭದ್ರವಾಗಿ ಕೂತದ್ದು ಮಾತ್ರ ಕಾನೂನಿನ ದೃಷ್ಟಿಯಲ್ಲಿ ಹೆಲ್ಮೆಟ್. ಪಟ್ಟಿ ಬಿಗಿಯದೆ ತಲೆಯ ಮೇಲೆ ಇಟ್ಟುಕೊಂಡದ್ದು ಹೆಲ್ಮೆಟ್ ಅಲ್ಲ.

ಹೆಲ್ಮೆಟ್ ಹೇಗೆ ಕೆಲಸ ಮಾಡುತ್ತದೆಂದು ತೆಂಗಿನ ಸೀಮೆಯವರಿಗೆ ವಿವರಿಸುವ ಅಗತ್ಯವೇ ಇಲ್ಲ. ಮರದಿಂದ ಬಿದ್ದ ಕಾಯಿ ಒಡೆಯುವುದಿಲ್ಲ. ಸುಲಿದ ಕಾಯಿ ಕೈಜಾರಿ ಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ. ಎರಡಕ್ಕೂ ಚಿಪ್ಪು ಒಂದೇ, ವ್ಯತ್ಯಾಸವಿರುವುದು ಮಟ್ಟೆಯಲ್ಲಿ. ಬಿದ್ದ ಪೆಟ್ಟನ್ನು ನಾರು ತಾನು ನುಂಗಿ ಒಳಗಿನ ಚಿಪ್ಪನ್ನು ಉಳಿಸುತ್ತದೆ. ಹೆಲ್ಮೆಟಿನ ಒಳಗಿರುವ ದಪ್ಪ ಥರ್ಮೋಕೋಲ್ ಮಾಡುವುದೂ ಇದೇ ಕೆಲಸವನ್ನು. ತಾನು ಅಮುಕಿ ಹೋಗಿ ತಲೆಬುರುಡೆಯನ್ನು ಉಳಿಸುತ್ತದೆ. ಈ ಪದರವಿಲ್ಲದ, ರಸ್ತೆ ಬದಿಯಲ್ಲಿ ಇನ್ನೂರು ರೂಪಾಯಿಗೆ ಸಿಗುವ ಅರ್ಧ ಹೆಲ್ಮೆಟ್ ಧರಿಸುವವನು ಪೊಲೀಸರನ್ನು ವಂಚಿಸಬಹುದು, ಕಲ್ಲನ್ನು ವಂಚಿಸಲಾರ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಕೊಳ್ಳುವಾಗ ಐಎಸ್‌ಐ ಗುರುತಿನ ಜೊತೆಗೆ ಐಎಸ್ 4151 ಎಂಬ ಸಂಖ್ಯೆ ಇದೆಯೇ ಎಂದು ನೋಡಿ.

ಇದರ ಪ್ರಯೋಜನದ ಬಗ್ಗೆ ಸಂದೇಹ ಬೇಡ. ಹಲವಾರು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ಪರಾಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಅಪಾಯವನ್ನು ಶೇಕಡಾ 42ರಷ್ಟೂ ತಲೆಯ ಗಾಯದ ಅಪಾಯವನ್ನು ಶೇಕಡಾ 69ರಷ್ಟೂ ಕಡಿಮೆ ಮಾಡುತ್ತದೆ. ನಮ್ಮ ಕೇಂದ್ರ ಸರಕಾರದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029. ಈ ಐವತ್ತು ಸಾವಿರದಲ್ಲಿ 14,337 ಮಂದಿ ಹಿಂಬದಿ ಸವಾರರು. ಅಂದರೆ ನಮ್ಮ ಬೆನ್ನ ಹಿಂದೆ ಕೂರುವ ಹೆಂಡತಿ, ತಂಗಿ, ಮಗ, ಗೆಳೆಯ. ಮುಂದೆ ಕೂತ ಗಂಡಸಿನ ತಲೆಗೆ ಹೆಲ್ಮೆಟ್, ಹಿಂದೆ ಒಂದು ಬದಿಗೆ ಕಾಲಿಟ್ಟು ಕೂತ ಹೆಂಡತಿಯ ತಲೆಗೆ ಏನೂ ಇಲ್ಲ, ನಡುವೆ ಮಗು. ಈ ದೃಶ್ಯ ನಮ್ಮ ಪೇಟೆಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಅದರಲ್ಲಿರುವ ಅನ್ಯಾಯ ನಮಗೆ ಕಾಣುವುದೇ ಇಲ್ಲ.

‘ತಲೆ ನನ್ನದು, ಸರಕಾರಕ್ಕೇನು?’ ಎಂಬ ಪ್ರಶ್ನೆ ಇದೆ. ಇದು ಹೊಸ ಪ್ರಶ್ನೆಯಲ್ಲ. ‘ಲಾರೆನ್ಸ್ ಆಫ್ ಅರೇಬಿಯಾ’ ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲಿನಿಂದ ಬಿದ್ದು ತಲೆಯ ಪೆಟ್ಟಿನಿಂದ ಸತ್ತರು. ಅವರನ್ನು ನೋಡಿದ ವೈದ್ಯರಲ್ಲಿ ಒಬ್ಬರಾದ ಹ್ಯೂ ಕೇರ್ನ್ಸ್ ಮುಂದೆ ಸವಾರರ ತಲೆಯ ಗಾಯಗಳನ್ನೇ ಅಧ್ಯಯನ ಮಾಡಿ 1941ರಲ್ಲಿ ತಮ್ಮ ಲೇಖನವನ್ನು ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕು ಸವಾರರಿಗೆ ಹೆಲ್ಮೆಟ್ ಕಡ್ಡಾಯಗೊಳಿಸಿತು. ಅಮೆರಿಕದಲ್ಲಿ ಈ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಇಲಿನಾಯ್ ರಾಜ್ಯದ ಸರ್ವೋಚ್ಚ ನ್ಯಾಯಾಲಯ 1969ರಲ್ಲಿ ಹೆಲ್ಮೆಟ್ ಕಾನೂನನ್ನೇ ರದ್ದುಪಡಿಸಿತು. ಆದರೆ ಮ್ಯಾಸಚೂಸೆಟ್ಸ್‌ನ ಪ್ರಕರಣದಲ್ಲಿ 1972ರಲ್ಲಿ ನ್ಯಾಯಾಲಯ ಬೇರೆ ಉತ್ತರ ಕೊಟ್ಟಿತು. ಬಿದ್ದವನನ್ನು ರಸ್ತೆಯಿಂದ ಎತ್ತುವುದೂ ಆಸ್ಪತ್ರೆಗೆ ಸೇರಿಸುವುದೂ, ಅವನು ದುಡಿಯಲಾರದೆ ಹೋದರೆ ಅವನ ಸಂಸಾರವನ್ನು ನೋಡಿಕೊಳ್ಳುವುದೂ ಸಮಾಜವೇ ಆಗಿರುವಾಗ, ಅವನ ತಲೆ ಅವನೊಬ್ಬನದೇ ಅಲ್ಲ ಎಂಬುದು ಅದರ ಸಾರಾಂಶ. ನಮ್ಮ ದೇಶದಲ್ಲಿ ಆಂಧ್ರಪ್ರದೇಶದ ಹೆಲ್ಮೆಟ್ ನಿಯಮವನ್ನು ಸಂಚಾರ ಸ್ವಾತಂತ್ರ್ಯದ ಹೆಸರಿನಲ್ಲಿ ಪ್ರಶ್ನಿಸಲಾಗಿತ್ತು. ಅಜಯ್ ಕಾನು ಪ್ರಕರಣದಲ್ಲಿ 1988ರಲ್ಲಿ ಸುಪ್ರೀಮ್ ಕೋರ್ಟು ಆ ನಿಯಮವನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ನಾನು ಓದಿದ್ದು ಬಹಳ ತಡವಾಗಿ. ಆದರೆ ಅದರ ಸತ್ಯವನ್ನು ನನ್ನ ಅತ್ತಿಗೆಯ ಕೈಗಳಲ್ಲಿ ದಿನವೂ ನೋಡುತ್ತಿದ್ದೇನೆ. ತಲೆ ಅವನದು, ಆದರೆ ಗುಂಡಿ ಹಾಕುವ ಕೈಗಳು ಅವರವು.

ನಮ್ಮೊಳಗೆ ಕೇಳಿಬರುವ ಎರಡು ಮಾತುಗಳಿಗೂ ಉತ್ತರಿಸಬೇಕು. ಸಿಖ್ಖರಿಗೆ ವಿನಾಯಿತಿ ಇರುವಾಗ ಟೋಪಿ ಧರಿಸುವ ನಮಗೇಕಿಲ್ಲ ಎಂಬುದು ಒಂದು. ಕಾನೂನು ವಿನಾಯಿತಿ ಕೊಟ್ಟಿರುವುದು ಪೇಟ ಧರಿಸಿದ ಸಿಖ್ಖರಿಗೆ. ಪೇಟದ ಮೇಲೆ ಹೆಲ್ಮೆಟ್ ಕೂರುವುದಿಲ್ಲ. ತೆಳ್ಳನೆಯ ಟೋಪಿಯನ್ನು ಜೇಬಿನಲ್ಲಿ ಇಟ್ಟುಕೊಳ್ಳಬಹುದು, ಹಿಜಾಬಿನ ಮೇಲೆ ಹೆಲ್ಮೆಟ್ ಧರಿಸಬಹುದು. ಕೇಳಿ ಪಡೆಯಬೇಕಾದ ಹಕ್ಕುಗಳು ನಮಗೆ ಬೇಕಾದಷ್ಟಿವೆ, ತಲೆ ಒಡೆದುಕೊಳ್ಳುವ ಹಕ್ಕು ಅವುಗಳಲ್ಲಿ ಸೇರಬೇಕಿಲ್ಲ. ಆಯುಷ್ಯ ಬರೆದಷ್ಟೇ ಎಂಬುದು ಎರಡನೆಯ ಮಾತು. ಒಂಟೆಯನ್ನು ಕಟ್ಟದೆ ಬಿಟ್ಟು ಭರವಸೆಯ ಮಾತಾಡಿದವನ ಪ್ರಸಂಗವನ್ನು ಬಾಲ್ಯದಿಂದಲೂ ಕೇಳಿದ ನಮಗೆ ಇದರ ಉತ್ತರ ಗೊತ್ತಿದೆ.

ಇನ್ನು ಹಕ್ಕುಗಳ ವಿಷಯಕ್ಕೆ ಬರುತ್ತೇನೆ. ಕಾನೂನು ಸವಾರನನ್ನು ಕಟ್ಟಿಹಾಕಿರುವಂತೆಯೇ ಅಧಿಕಾರಿಯನ್ನೂ ಕಟ್ಟಿಹಾಕಿದೆ. ನಿಮ್ಮನ್ನು ತಡೆದು ಲೈಸೆನ್ಸ್ ಕೇಳುವ ಪೊಲೀಸ್ ಅಧಿಕಾರಿ ಸಮವಸ್ತ್ರದಲ್ಲಿರಬೇಕು. ದಾಖಲೆಗಳನ್ನು ಮೊಬೈಲಿನಲ್ಲಿ, ಡಿಜಿಲಾಕರ್ ಮೂಲಕ ತೋರಿಸಿದರೂ ಸಾಕು. ಸ್ಥಳದಲ್ಲೇ ದಂಡ ಪಡೆಯುವ ಅಧಿಕಾರವಿರುವುದು ಸರಕಾರ ಅಧಿಸೂಚನೆಯಲ್ಲಿ ಹೆಸರಿಸಿದ ಅಧಿಕಾರಿಗಳಿಗೆ ಮಾತ್ರ. ಕೊಟ್ಟ ಹಣಕ್ಕೆ ರಶೀದಿ ಕೇಳಿ ಪಡೆಯಿರಿ. ಆರೋಪವನ್ನು ಒಪ್ಪದಿದ್ದರೆ ದಂಡ ಕಟ್ಟದೆ ನ್ಯಾಯಾಲಯದಲ್ಲಿ ಪ್ರಶ್ನಿಸುವ ಹಕ್ಕು ನಿಮಗಿದೆ. ಲೈಸೆನ್ಸ್ ವಶಪಡಿಸಿಕೊಂಡರೆ ಸ್ವೀಕೃತಿ ಪತ್ರ ಕೊಡಲೇಬೇಕು. ವಾಹನವನ್ನು ತಡೆದಿಡಲು 207ನೇ ಕಲಂ ಕಾರಣಗಳನ್ನು ಪಟ್ಟಿ ಮಾಡಿದೆ. ಲೈಸೆನ್ಸ್ ಇಲ್ಲದಿರುವುದು, ನೋಂದಣಿ ಇಲ್ಲದಿರುವುದು ಅದರಲ್ಲಿವೆ, ಹೆಲ್ಮೆಟ್ ಇಲ್ಲದಿರುವುದು ಇಲ್ಲ. ಬೈಕಿನ ಕೀಲಿ ಕಿತ್ತುಕೊಳ್ಳಲು ಕಾಯ್ದೆಯಲ್ಲಿ ಎಲ್ಲಿಯೂ ಅಧಿಕಾರ ಕೊಟ್ಟಿಲ್ಲ. ಆದರೆ ಯುವಕರೇ, ಈ ಕಲಂಗಳನ್ನು ಬಾಯಿಪಾಠ ಮಾಡಿ ರಸ್ತೆಯಲ್ಲಿ ವಾಗ್ವಾದಕ್ಕೆ ಇಳಿಯಬೇಡಿ. ಹೆಲ್ಮೆಟ್ ತಲೆಯ ಮೇಲಿದ್ದವನ ಮಾತಿಗೆ ತೂಕ ಹೆಚ್ಚು.

2019ರ ಸೆಪ್ಟೆಂಬರ್ 1ರಿಂದ ಹೆಲ್ಮೆಟ್ ಇಲ್ಲದ ಸವಾರಿಗೆ ಒಂದು ಸಾವಿರ ರೂಪಾಯಿ ದಂಡ ಮತ್ತು ಮೂರು ತಿಂಗಳ ಲೈಸೆನ್ಸ್ ಅನರ್ಹತೆ ನಿಗದಿಯಾಯಿತು. ಪ್ರತಿರೋಧ ವ್ಯಕ್ತವಾದಾಗ ಅದೇ ತಿಂಗಳು ಕರ್ನಾಟಕ ಸರಕಾರ ದಂಡವನ್ನು ಐನೂರಕ್ಕೆ ಇಳಿಸಿತು. ಅದನ್ನು ನಾವೆಲ್ಲರೂ ಜನರ ವಿಜಯವೆಂದು ಹೊಗಳಿದೆವು. ಆದರೆ ದೋಷಪೂರಿತ ರಸ್ತೆಯ ಬಗ್ಗೆ ಅದೇ ತಿದ್ದುಪಡಿಯಲ್ಲಿ 198ಎ ಎಂಬ ಕಲಂ ಇದೆ ಎಂಬುದನ್ನು ಯಾವ ಪಕ್ಷವೂ ನಮಗೆ ಹೇಳಲಿಲ್ಲ. ನಿಗದಿತ ಮಾನದಂಡದಂತೆ ರಸ್ತೆಯನ್ನು ವಿನ್ಯಾಸಗೊಳಿಸದೆ, ನಿರ್ವಹಿಸದೆ ಸಾವು ಅಥವಾ ಅಂಗವಿಕಲತೆಗೆ ಕಾರಣವಾದ ಪ್ರಾಧಿಕಾರ ಅಥವಾ ಗುತ್ತಿಗೆದಾರನಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಎಂದು ಅದು ಹೇಳುತ್ತದೆ. ನಮ್ಮ ತಲೆಯನ್ನು ಎಣಿಸುವ ಸರಕಾರ ತನ್ನ ಗುಂಡಿಗಳನ್ನೂ ಎಣಿಸಲಿ ಎಂದು ಕೇಳುವ ನೈತಿಕ ಬಲ ನಮಗೆ ಬರಬೇಕಾದರೆ, ಮೊದಲು ನಾವು ನಮ್ಮ ಪಾಲಿನ ಕಾನೂನನ್ನು ಪಾಲಿಸಿರಬೇಕು.

ಅಪಘಾತವಾದ ಮೇಲಿನ ಹಕ್ಕುಗಳು ಇನ್ನೂ ಮುಖ್ಯ. ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸಿದವನ ಮೇಲೆ ಕೇಸು ಬೀಳುತ್ತದೆ ಎಂಬ ಭಯದಿಂದ ನಮ್ಮವರು ದೂರ ನಿಂತು ನೋಡುತ್ತಾರೆ. ಸದುದ್ದೇಶದಿಂದ ನೆರವಾದವನಿಗೆ 134ಎ ಕಲಂ ರಕ್ಷಣೆ ಕೊಟ್ಟಿದೆ. ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಜಾರಿಗೊಳಿಸಿದ ಯೋಜನೆಯಡಿ ಗಾಯಾಳುವಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ನಗದು ಕಟ್ಟದೆ ದೊರೆಯಬೇಕು. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದರೆ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ ಐವತ್ತು ಸಾವಿರ ರೂಪಾಯಿ ಪರಿಹಾರವಿದೆ. ಪರಿಹಾರದ ಅರ್ಜಿಯನ್ನು ಅಪಘಾತವಾದ ಊರಿನಲ್ಲೇ ಹಾಕಬೇಕೆಂದಿಲ್ಲ, ನೀವು ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೂ ಹಾಕಬಹುದು. ಅರ್ಜಿಗೆ ಕಾಯ್ದೆಯಲ್ಲಿ ಆರು ತಿಂಗಳ ಅವಧಿ ಬರೆದಿರುವುದರಿಂದ ವಿಳಂಬ ಬೇಡ. ಮಹಿಳೆಯರಿಗೂ ಬಡವರಿಗೂ ತಾಲೂಕು ಕಾನೂನು ಸೇವಾ ಸಮಿತಿಯ ಮೂಲಕ ಉಚಿತ ವಕೀಲರು ಸಿಗುತ್ತಾರೆ. ಅರ್ಧದಷ್ಟು ಪರಿಹಾರ ನನಗೆ ಎನ್ನುವ ದಲ್ಲಾಳಿಯ ಕೈಗೆ ಕಾಗದ ಪತ್ರ ಕೊಡಬೇಡಿ.

ನಮ್ಮ ಹುಡುಗನ ಪ್ರಕರಣದಲ್ಲಿ ದೀಪವಿಲ್ಲದ ಟ್ರ್ಯಾಕ್ಟರಿನದೇ ತಪ್ಪು ಎಂಬುದು ಸಿದ್ಧವಾಯಿತು. ಆದರೆ ವಿಮಾ ಕಂಪೆನಿಯ ವಕೀಲರು ಒಂದೇ ಪ್ರಶ್ನೆ ಕೇಳಿದರು. ಹೆಲ್ಮೆಟ್ ಎಲ್ಲಿತ್ತು? ಪರಿಹಾರ ಬಂತು, ಒಂದಂಶ ಕಡಿತವಾಗಿ ಬಂತು. ಹೆಲ್ಮೆಟ್ ಇಲ್ಲದಿದ್ದರೆ ಪರಿಹಾರವೇ ಇಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಮೊಹಮ್ಮದ್ ಸಿದ್ದೀಕ್ ಪ್ರಕರಣವನ್ನು ನೆನಪಿಡಿ. ಬೈಕಿನಲ್ಲಿ ಮೂವರು ಕೂತಿದ್ದರೆಂಬ ಕಾರಣಕ್ಕೆ, ಅಪಘಾತದಲ್ಲಿ ಸತ್ತ ಮಗನ ತಂದೆ ತಾಯಿಗೆ ಬರಬೇಕಾದ ಪರಿಹಾರವನ್ನು ಕಡಿತಗೊಳಿಸಲಾಗಿತ್ತು. 2020ರ ಜನವರಿಯಲ್ಲಿ ಸುಪ್ರೀಮ್ ಕೋರ್ಟು ಆ ಕಡಿತ ಸರಿಯಲ್ಲ ಎಂದಿತು. ನಿಯಮ ಮುರಿದದ್ದು ಅಪಘಾತಕ್ಕೋ ಅದರ ಪೆಟ್ಟಿಗೋ ಹೇಗೆ ಕಾರಣವಾಯಿತೆಂದು ತೋರಿಸದೆ ಹೊಣೆ ಹೊರಿಸುವಂತಿಲ್ಲ ಎಂಬುದು ಅದರ ತತ್ವ. ಆದರೆ ಇದೇ ತತ್ವ ತಲೆಗೆ ಪೆಟ್ಟು ಬಿದ್ದವನ ವಿರುದ್ಧ ತಿರುಗಬಹುದು. ಅಲ್ಲಿ ಹೆಲ್ಮೆಟ್ ಇಲ್ಲದಿರುವುದಕ್ಕೂ ಪೆಟ್ಟಿಗೂ ಇರುವ ಸಂಬಂಧವನ್ನು ತೋರಿಸಲು ಹೆಚ್ಚು ವಾದ ಬೇಕಾಗುವುದಿಲ್ಲ. ಹೆಲ್ಮೆಟ್ ಇಲ್ಲದವನ ಹಕ್ಕು ಸಾಯುವುದಿಲ್ಲ, ಸವೆಯುತ್ತದೆ.

ತಂದೆ ತಾಯಂದಿರಿಗೆ ಒಂದು ಎಚ್ಚರಿಕೆ. ಹದಿನೈದರ ಹುಡುಗನ ಕೈಗೆ ಬೈಕು ಕೊಟ್ಟು ಅಂಗಡಿಗೆ ಕಳುಹಿಸುವುದನ್ನು ನಾವು ಮಗನ ಚುರುಕುತನ ಎಂದು ಮೆಚ್ಚುತ್ತೇವೆ. ಅಪ್ರಾಪ್ತನು ಓಡಿಸಿ ಅಪರಾಧವಾದರೆ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ ಮೂರು ವರ್ಷದವರೆಗೆ ಸೆರೆವಾಸ, ಇಪ್ಪತ್ತೈದು ಸಾವಿರ ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ.

ಕೊನೆಗೆ, ಇಲ್ಲಿಂದ ಹೊರಟ ಮೇಲೆ ಮಾಡಬಹುದಾದ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮನೆಯಲ್ಲಿ ಬೈಕಿನ ಮೇಲೆ ಎಷ್ಟು ತಲೆಗಳು ಕೂರುತ್ತವೆಯೋ ಅಷ್ಟು ಹೆಲ್ಮೆಟ್‌ಗಳಿರಲಿ, ಮೊದಲನೆಯದು ಹಿಂದೆ ಕೂರುವವರಿಗೆ ಸಿಗಲಿ. ಬೈಕು ಕೊಳ್ಳುವಾಗ ಐಎಸ್‌ಐ ಗುರುತಿನ ಹೆಲ್ಮೆಟ್ ಒದಗಿಸುವುದು ತಯಾರಕರ ಹೊಣೆ ಎಂದು ಕೇಂದ್ರ ಮೋಟಾರು ವಾಹನ ನಿಯಮ ಹೇಳುತ್ತದೆ. ಸೆರಗು, ಬುರ್ಖಾ ಚಕ್ರಕ್ಕೆ ಸಿಕ್ಕದಂತೆ ಹಿಂದಿನ ಚಕ್ರಕ್ಕೆ ಮರೆ ಇರಬೇಕೆಂದೂ ಅದೇ ನಿಯಮ ಹೇಳುತ್ತದೆ, ಅಂದಕ್ಕಾಗಿ ಅದನ್ನು ಬಿಚ್ಚಿಸಬೇಡಿ. ಎರಡನೆಯದು ಮಸೀದಿ ಕಮಿಟಿಗಳಿಗೆ. ಜುಮಾ ದಿನ ಹೆಲ್ಮೆಟ್ ಎಲ್ಲಿಡುವುದೆಂದು ಯುವಕರು ಕೇಳುತ್ತಾರೆ. ಚಪ್ಪಲಿಯ ಕಪಾಟಿನ ಪಕ್ಕದಲ್ಲಿ ಹೆಲ್ಮೆಟಿಗೂ ಒಂದು ಹಲಗೆ ಹಾಕಿಸಿ, ಖರ್ಚು ಹೆಚ್ಚಿಲ್ಲ. ಮೂರನೆಯದು ನನ್ನಂಥ ಹಿರಿಯರಿಗೆ. ಮಕ್ಕಳು ನಮ್ಮ ಉಪದೇಶವನ್ನು ಮರೆಯುತ್ತಾರೆ, ನಮ್ಮ ಚಾಣಾಕ್ಷತನವನ್ನು ಕಲಿಯುತ್ತಾರೆ. ಸರ್ಕಲ್‌ವರೆಗೆ ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಇನ್ನು ಯಾರೂ ಆಡದಿರಲಿ.

ಮನೆಯ ಬಾಗಿಲಿನಿಂದ ಮನೆಯ ಬಾಗಿಲಿನವರೆಗೆ. ನನ್ನ ಅಣ್ಣನ ಮಗನಿಗೆ ನಾನು ಹೇಳಬೇಕಾಗಿದ್ದುದು ಇಷ್ಟೇ. ನಿಮ್ಮ ಮಕ್ಕಳಿಗೆ ಇಂದೇ ಹೇಳಿ.